ಕುರ್ಚಿ ಇಲ್ಲದ ಮುಂದಾಳುಗಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



2000ನೇ ಇಸವಿಯಲ್ಲಿ ನಾಲ್ಕು ಕ್ಯಾನು ಹಾಲಿನಿಂದ ಪ್ರಾರಂಭವಾದ ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 2025ರಲ್ಲಿ ಇಪ್ಪತ್ತೈದು ವರ್ಷ ತುಂಬಿದೆ. ವಿಶ್ವಸಂಸ್ಥೆಯವರು ಅದೇ ವರ್ಷವನ್ನು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿದ್ದು ನಮ್ಮ ಹಬ್ಬಕ್ಕೆ ಇನ್ನಷ್ಟು ಕಳೆ ತಂದಿದೆ. ಇಂಥ ಶುಭ ಸಂದರ್ಭದಲ್ಲಿ "ನಾಯಕತ್ವ" ಎಂಬ ವಿಷಯದ ಮೇಲೆ ಎರಡು ಮಾತನಾಡಬೇಕೆಂದು ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಅವರಿಗೆ ನಮ್ಮ ವಂದನೆಗಳು.

ಇಲ್ಲಿ ನಿಂತು ಮಾತನಾಡುತ್ತಿರುವ ಬಾಯಿ ಒಂದೇ ಆದರೂ ಇದು ಒಂಬತ್ತು ಜನರ ಮಾತು. ಆ ಒಂಬತ್ತು ಜನ ಯಾರು ಅಂತ ಊರಿಗೆಲ್ಲ ಗೊತ್ತು. 2011ರಿಂದ 2013ರವರೆಗೆ ಈ ಊರಿನಲ್ಲಿ "ಚೈನ್ ಬಿಸಿನೆಸ್ಸು" ಮಾಡಿದವರು ನಾವು. ಅದಕ್ಕೇ ಈ ಭಾಷಣದಲ್ಲಿ "ನಾನು" ಎಂದು ಹೇಳುವುದಿಲ್ಲ, "ನಾವು" ಎಂದೇ ಹೇಳುತ್ತೇವೆ. ನಾಯಕತ್ವದ ಬಗ್ಗೆ ನಾವು ಕಲಿತದ್ದು ಪುಸ್ತಕದಿಂದಲ್ಲ. ಒಂದು ತಪ್ಪಿನಿಂದ ಕಲಿತೆವು, ಆ ತಪ್ಪನ್ನು ತಿದ್ದಿದ ಒಬ್ಬ ಹೆಣ್ಣುಮಗಳಿಂದ ಕಲಿತೆವು. ಆಕೆಯ ಹೆಸರು ಹೇಳುವುದಿಲ್ಲ. "ಹೇಳಕೂಡದು" ಎಂದು ಆಕೆಯೇ ಆಣೆ ಹಾಕಿಸಿಕೊಂಡಿದ್ದಾರೆ.

ಸೂಟು ಬೂಟಿನ ದಿನಗಳು

ನೆಟ್‌ವರ್ಕ್ ಮಾರ್ಕೆಟಿಂಗ್ ಎಂದರೇನೆಂದು ಹೊಸ ಹುಡುಗರಿಗಾಗಿ ಸ್ವಲ್ಪ ಹೇಳಬೇಕು. ಅಂಗಡಿ ಇಲ್ಲದೆ, ಪರಿಚಯದ ಮೇಲೆ, ಮನೆಯಿಂದ ಮನೆಗೆ ಸಾಮಾನು ಮಾರುವುದು. ಮಾರಿದ್ದಕ್ಕೆ ಲಾಭ. ನಾವು ಸೇರಿಸಿದವನು ಮಾರಿದರೆ ಅದರಲ್ಲೂ ಒಂದು ಪಾಲು. ಅವನು ಸೇರಿಸಿದವನದರಲ್ಲೂ ಒಂದು ಚೂರು. ಸೇರಿಸಿದವನು ಅಪ್‌ಲೈನು, ಸೇರಿದವನು ಡೌನ್‌ಲೈನು. ಪಾಯಿಂಟು ಹೆಚ್ಚಿದ ಹಾಗೆ ಬೆಳ್ಳಿ, ಚಿನ್ನ, ವಜ್ರ ಎಂದು ಬಿರುದು ಕೊಡುತ್ತಾರೆ. ಎದೆಗೆ ಒಂದು ಪಿನ್ನು ಚುಚ್ಚುತ್ತಾರೆ.

ನಮ್ಮ ಒಂಬತ್ತು ಜನರಲ್ಲಿ ಇಬ್ಬರಿಗೆ ಬೆಳ್ಳಿ ಪಿನ್ನು ಸಿಕ್ಕಿತ್ತು. ಪಟ್ಟಣದ ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಎದುರು ಹಾರ ಹಾಕಿ ಚಪ್ಪಾಳೆ ತಟ್ಟಿಸಿದರು. ಬಿಸಿಲಲ್ಲಿ ಹುಲ್ಲು ಕುಯ್ದು ಬದುಕಿದವರಿಗೆ ಸಾವಿರ ಜನರ ಚಪ್ಪಾಳೆ ಎಂದರೆ ಸಾಮಾನ್ಯವೇ? ತಲೆ ನಿಲ್ಲಲಿಲ್ಲ. ಊರಿಗೆ ಬಂದವರೇ ಅಕ್ಕನ ಮನೆ, ಬೀಗರ ಮನೆ, ಡೇರಿ ಮುಂದಿನ ಕಟ್ಟೆ ಎಲ್ಲಾ ಕಡೆ ಪ್ಲಾನ್ ಹೇಳಿದ್ದೇ ಹೇಳಿದ್ದು. ಒಂದೂವರೆ ವರ್ಷದಲ್ಲಿ ನಮ್ಮ ತಂಡ 41 ಜನ ಆಯಿತು. ಸೋಪು, ಟೂತ್‌ಪೇಸ್ಟು, ಶಕ್ತಿಪುಡಿ ಡಬ್ಬಿ ಮನೆ ಮನೆಯ ಗೂಡಿನಲ್ಲಿ ಕೂತವು.

ಈ ತಂಡದಲ್ಲಿ ಕಟ್ಟಕಡೆಯ ಸಾಲಿನಲ್ಲಿದ್ದವರು ನಾವು ಹೇಳುತ್ತಿರುವ ಹೆಣ್ಣುಮಗಳು. ನಮ್ಮೂರಿಗೆ ಸೊಸೆಯಾಗಿ ಬಂದವರು, ಪಿ.ಯು.ಸಿ. ಓದಿದವರು. ಅವರ ಕೆಳಗಿದ್ದವರು ಇಬ್ಬರೇ. ಪಿನ್ನೂ ಇಲ್ಲ, ಹಾರವೂ ಇಲ್ಲ, ಮೀಟಿಂಗಿನಲ್ಲಿ ಕೂರುತ್ತಿದ್ದದ್ದು ಹಿಂದಿನ ಬಾಗಿಲ ಹತ್ತಿರ.

ನೂರು ಹಾಳೆಯ ನೋಟ್‌ಬುಕ್ಕು

ಆಕೆ ಮಾಡಿದ ಮೊದಲ ಕೆಲಸ ಏನೆಂದರೆ, ಮಕ್ಕಳ ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಐದು ಮನೆ ಗೆರೆ ಎಳೆದರು. ಹೆಸರು, ತಂದ ಮಾಲು, ಮನೆಗೆ ಬಳಸಿದ್ದು, ಹೊರಗೆ ಮಾರಿದ್ದು, ಉಳಿದದ್ದು. ತಮ್ಮದನ್ನು ಬರೆದರು. ತಮ್ಮ ಕೆಳಗಿನ ಇಬ್ಬರದನ್ನು ಬರೆದರು. ಆಮೇಲೆ ಅಕ್ಕಪಕ್ಕದವರೂ "ನಮ್ಮದೂ ಒಂದಿಷ್ಟು ಬರ್ಕೊಳವ್ವ" ಅಂದರು. ನಾಲ್ಕು ತಿಂಗಳಲ್ಲಿ ತಂಡದ ಮುಕ್ಕಾಲು ಪಾಲು ಜನರ ಲೆಕ್ಕ ಆ ಪುಸ್ತಕದಲ್ಲಿತ್ತು. ಬರೆಯಿರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಎರಡನೆಯದಾಗಿ, ಹೊಸದಾಗಿ ಸೇರಿದವರ ಜೊತೆ ತಾವೇ ಹೋಗುತ್ತಿದ್ದರು. ನಾವು ಏನು ಮಾಡುತ್ತಿದ್ದೆವು? "ನಿಮ್ಮ ನೆಂಟರ ಪಟ್ಟಿ ಬರೀರಿ, ನೂರು ಹೆಸರು ಆಗ್ಬೇಕು" ಎಂದು ಅಪ್ಪಣೆ ಕೊಟ್ಟು ಬೈಕು ಹತ್ತುತ್ತಿದ್ದೆವು. ಆಕೆ ಮೊದಲ ಮೂರು ಮನೆಗೆ ತಾವು ಮಾತನಾಡುತ್ತಿದ್ದರು, ನಾಲ್ಕನೆಯ ಮನೆಯಲ್ಲಿ ಸುಮ್ಮನೆ ಪಕ್ಕದಲ್ಲಿ ಕೂತು ಹೊಸಬರಿಂದ ಮಾತಾಡಿಸುತ್ತಿದ್ದರು. ಮಾರಾಟ ಆದರೆ "ಇವರೇ ಮಾರಿದ್ದು" ಎನ್ನುತ್ತಿದ್ದರು. ಆಗದಿದ್ದರೆ "ನಾನೇ ಸರಿಯಾಗಿ ಹೇಳಲಿಲ್ಲ" ಎನ್ನುತ್ತಿದ್ದರು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬೇಡ ಎನ್ನುವುದನ್ನು ಹೇಳುತ್ತಿದ್ದರು. ನಮ್ಮೂರಿನ ಒಬ್ಬ ತಾಯಿ, ಗಂಡನಿಲ್ಲದವರು, ಎರಡು ಹಸು ಕಟ್ಟಿಕೊಂಡು ಮಗನನ್ನು ಓದಿಸುತ್ತಿದ್ದವರು, ನಮ್ಮ ಮಾತು ನಂಬಿ ಹದಿನೈದು ದಿನದ ಹಾಲಿನ ಬಟವಾಡೆಯನ್ನೆಲ್ಲ ಶಕ್ತಿಪುಡಿಗೆ ಹಾಕಿದರು. ಹೀಗೆ ಮೂರು ಬಟವಾಡೆ ಹೋಯಿತು. ನಾಲ್ಕನೆಯ ಸಲ ಈ ಸೊಸೆ ಅವರ ಕೈ ಹಿಡಿದು, "ಅತ್ತೆ, ಮನೇಲಿರೋ ಡಬ್ಬಿ ಖಾಲಿ ಆಗೋವರ್ಗೂ ಹೊಸದು ತಗೋಬೇಡಿ. ಪಾಯಿಂಟು ಹೋದ್ರೆ ಹೋಗ್ಲಿ, ಹಸುವಿಗೆ ಹಿಂಡಿ ತನ್ನಿ" ಎಂದರು. ಅದರಿಂದ ಆಕೆಗೂ ಪಾಯಿಂಟು ನಷ್ಟ, ನಮಗೂ ನಷ್ಟ. ನಮಗೆ ಕೋಪ ಬಂತು.

ಆ ಭಾನುವಾರದ ಮೀಟಿಂಗು

2012ರ ಕೊನೆಯಲ್ಲಿ ಒಂದು ಭಾನುವಾರ ಮೀಟಿಂಗಿನಲ್ಲಿ ಆಕೆ ಎದ್ದು ನಿಂತು ಹೇಳಿದ ಮಾತು ಇದು: "ಅಣ್ಣಾ, ಈ ಪುಸ್ತಕ ಒಂದು ಸ್ವಲ್ಪ ನೋಡಿ. ಹತ್ತು ರೂಪಾಯಿ ಮಾಲಿನಲ್ಲಿ ಹೊರಗಿನೋರು ಕೊಂಡಿರೋದು ಎರಡು ರೂಪಾಯಿದೂ ಇಲ್ಲ. ಮಿಕ್ಕಿದ್ದೆಲ್ಲ ನಾವ್ನಾವೇ ಕೊಂಡಿದೀವಿ. ಹಿಂಗಾದ್ರೆ ನಾವು ವ್ಯಾಪಾರ ಮಾಡ್ತಿದೀವಾ, ಗಿರಾಕಿ ಆಗಿದೀವಾ?"

ನಾವು ಏನು ಉತ್ತರ ಕೊಟ್ಟೆವು ಎಂದು ಹೇಳಲು ಈಗ ನಾಲಿಗೆ ತಡವರಿಸುತ್ತದೆ. "ನೆಗೆಟಿವ್ ಮಾತಾಡ್ಬೇಡಮ್ಮ. ನಿನ್ನ ಪಿನ್ ಯಾವುದು? ಬೆಳ್ಳಿ ಆದ್ಮೇಲೆ ಬಂದು ಬುದ್ಧಿ ಹೇಳು" ಎಂದೆವು. ಹತ್ತಾರು ಜನರ ಎದುರಿಗೆ ಹಾಗೆ ಅಂದೆವು. ಆಕೆ ಪುಸ್ತಕ ಮಡಿಚಿ ಸೆರಗಿನಡಿ ಇಟ್ಟುಕೊಂಡು ಕೂತರು. ಅಳಲಿಲ್ಲ, ಎದ್ದೂ ಹೋಗಲಿಲ್ಲ.

ಈಗ ಗೊತ್ತಾಗಿದೆ, ಆಕೆ ಕೇಳಿದ್ದು ಈ ವ್ಯಾಪಾರದ ಮೂಲ ಪ್ರಶ್ನೆಯನ್ನೇ. ಅಮೆರಿಕದಲ್ಲಿ ಆಮ್ವೇ ಎಂಬ ದೊಡ್ಡ ಕಂಪನಿಯ ಮೇಲೆ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ ವಿಚಾರಣೆ ನಡೆಸಿ 1979ರಲ್ಲಿ ತೀರ್ಪು ಕೊಟ್ಟಿತು. ಬೆಲೆ ಕಟ್ಟುವ ವಿಷಯದಲ್ಲಿ ತಪ್ಪು ಹಿಡಿಯಿತು, ಆದರೆ ಇದು ಜನರನ್ನು ಸುಮ್ಮನೆ ಪೇರಿಸುವ ಪಿರಮಿಡ್ ಅಲ್ಲ ಎಂದಿತು. ಯಾಕೆ? ಆ ಕಂಪನಿಯಲ್ಲಿ ಮೂರು ಕಟ್ಟುಪಾಡು ಇದ್ದವು. ತಿಂಗಳಲ್ಲಿ ಕೊಂಡ ಮಾಲಿನಲ್ಲಿ ಶೇಕಡ 70ರಷ್ಟಾದರೂ ಮಾರಿರಬೇಕು. ತಿಂಗಳಿಗೆ 10 ಜನ ಗಿರಾಕಿಗಳಿಗಾದರೂ ಕೊಟ್ಟಿರಬೇಕು. ಬಿಟ್ಟು ಹೋಗುವವನ ಬಳಿ ಉಳಿದ ಮಾಲನ್ನು ವಾಪಸು ಕೊಳ್ಳಬೇಕು. ನೋಡಿ, ನಮ್ಮ ಸೊಸೆಯ ಐದು ಮನೆ ಗೆರೆಯಲ್ಲಿ ಇದ್ದದ್ದೂ ಇದೇ ಲೆಕ್ಕ. ಎಲ್ಲೂ ಕಾನೂನು ಓದದೆ ಲೆಕ್ಕ ಬರೆದೇ ಆಕೆ ಅಲ್ಲಿಗೆ ಮುಟ್ಟಿದ್ದರು.

ಇನ್ನೊಂದು ಸಣ್ಣ ಲೆಕ್ಕವನ್ನೂ ನೋಡೋಣ. ಒಬ್ಬ ಆರು ಜನರನ್ನು ಸೇರಿಸಲಿ. ಆ ಆರು ಜನ ಆರಾರು ಮಂದಿಯಂತೆ 36. ಅವರು 216. ಮೇಲಿನವನೂ ಸೇರಿ 259 ಜನ. ನಮ್ಮೂರಲ್ಲಿ ಇರುವುದೇ ಸುಮಾರು ಮುನ್ನೂರು ಮನೆ. ಮೂರೇ ಸಾಲಿಗೆ ಊರು ಮುಗಿಯಿತು. ಮುಂದಿನ ಸಾಲಿಗೆ 1296 ಜನ ಬೇಕು, ಎಲ್ಲಿಂದ ತರುವುದು? ಹೀಗೇ ಹೋದರೆ ಹದಿಮೂರನೆಯ ಸಾಲಿಗೆ ಇಡೀ ಪ್ರಪಂಚದ ಜನಸಂಖ್ಯೆಯೂ ಸಾಲದು. ಆ 259 ಜನರಲ್ಲಿ 216 ಜನ ಕಟ್ಟಕಡೆಯ ಸಾಲಿನವರೇ. ಅವರ ಕೆಳಗೆ ಯಾರೂ ಇಲ್ಲ. ಮಾಲು ನಿಜವಾದ ಗಿರಾಕಿಗೆ ಹೋಗದೆ ಇದ್ದರೆ, ಮೇಲಿನವರ ಹಾರಕ್ಕೆ ದುಡ್ಡು ಕೊಡುವವರು ಈ ಕಡೇ ಸಾಲಿನವರು.

ಕೆಡವಿದವರು ಯಾರು, ಕಟ್ಟಿದವರು ಯಾರು

2013ರ ಹೊತ್ತಿಗೆ ತಂಡ ಒಡೆಯಿತು. ಮೇಲಿನವರು ಇನ್ನೊಂದು ಕಂಪನಿಗೆ ಹಾರಿದರು, ಫೋನು ಎತ್ತಲಿಲ್ಲ. ಬೆಳ್ಳಿ ಪಿನ್ನಿನ ನಾವು ಡೇರಿಗೆ ಹಾಲು ಹಾಕಲು ಹೋಗುವುದಕ್ಕೂ ನಾಚಿ ಮಕ್ಕಳ ಕೈಲಿ ಕ್ಯಾನು ಕಳಿಸುತ್ತಿದ್ದೆವು. ಆಗ ಜನ ಯಾರ ಮನೆ ಬಾಗಿಲಿಗೆ ಹೋದರು? ಪಿನ್ನಿಲ್ಲದ ಆಕೆಯ ಮನೆಗೆ ಹೋದರು.

ಆಕೆ ಸೇರುವಾಗ ಕೊಟ್ಟ ಹಾಳೆಯ ಹಿಂಬದಿಯ ಸಣ್ಣ ಅಕ್ಷರ ಓದಿದ್ದರು. ತೆರೆಯದ ಮಾಲನ್ನು ಮೂವತ್ತು ದಿನದೊಳಗೆ ವಾಪಸು ಕೊಡಬಹುದು ಎಂದು ಅಲ್ಲಿತ್ತು. ನಾವು ಯಾರೂ ಓದಿರಲಿಲ್ಲ. ಪುಸ್ತಕದಲ್ಲಿ ತಾರೀಖು ಇದ್ದದ್ದರಿಂದ ಯಾರ ಯಾರ ಮಾಲು ಅವಧಿಯೊಳಗಿದೆ ಎಂದು ತೆಗೆದು, ಹನ್ನೊಂದು ಮನೆಯವರನ್ನು ಕರೆದುಕೊಂಡು ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ದುಡ್ಡು ವಾಪಸು ತಂದರು. ಉಳಿದ ಮಾಲಿನ ಪಟ್ಟಿಯನ್ನು ತಂದು ನಮ್ಮ ಮುಂದಿಟ್ಟರು. "ಅಣ್ಣಾ, ಬೈಯೋದಕ್ಕೆ ಬಂದಿಲ್ಲ. ಇದನ್ನ ಒಂಬತ್ತು ಭಾಗ ಮಾಡಿದ್ರೆ ಒಬ್ಬೊಬ್ಬರ ತಲೆ ಮೇಲೆ ಎಷ್ಟು ಬರುತ್ತೆ ಅಂತ ಬರೆದಿದೀನಿ" ಎಂದರು. ಆ ದಿನ ನಮ್ಮ ಒಂಬತ್ತು ಜನರಲ್ಲಿ ಯಾರಿಗೂ ತಲೆ ಎತ್ತಲಾಗಲಿಲ್ಲ. ಹಾಲಿನ ಬಟವಾಡೆಯಲ್ಲಿ ಇಷ್ಟಿಷ್ಟು ಎಂದು ಹಿಡಿದು ಎರಡು ವರ್ಷದಲ್ಲಿ ತೀರಿಸಿದೆವು. ಆ ತಾಯಿಯ ಮೂರು ಬಟವಾಡೆ ಹಣವನ್ನು ಮೊದಲು ಕೊಟ್ಟೆವು. ಎಲ್ಲವೂ ಸರಿಹೋಯಿತು ಎಂದು ಸುಳ್ಳು ಹೇಳಲಾರೆವು. ನಮ್ಮಲ್ಲೊಬ್ಬರ ಅಕ್ಕನ ಮನೆಗೆ ಇವತ್ತಿಗೂ ಹೋಗಿ ಬರುವುದಿಲ್ಲ. ದುಡ್ಡು ಹಿಂತಿರುಗಿತು, ನಂಟು ಹಿಂತಿರುಗಲಿಲ್ಲ.

ಅದೇ 2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಜ್ವರ ಹರಡಿ ಸಾವಿರಾರು ದನ ಸತ್ತದ್ದು ನಿಮಗೆಲ್ಲ ನೆನಪಿದೆ. ಆಗ ಅದೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಯಾರ ಕೊಟ್ಟಿಗೆಯಲ್ಲಿ ಎಷ್ಟು ರಾಸು, ಯಾವುದಕ್ಕೆ ಜೊಲ್ಲು ಸುರಿಯುತ್ತಿದೆ, ಯಾವುದಕ್ಕೆ ಲಸಿಕೆ ಆಗಿದೆ ಎಂದು ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟವರು ಯಾರು? ಕಾಯಿಲೆ ರಾಸನ್ನು ಕೆರೆಗೆ ನೀರಿಗೆ ಬಿಡಬೇಡಿ ಎಂದು ಬೀದಿ ಬೀದಿ ತಿರುಗಿದವರು ಯಾರು? ಆಗಲೂ ಅವರು ನಿರ್ದೇಶಕರಲ್ಲ, ಈಗಲೂ ಅಲ್ಲ.

ಪದವಿ ಬೇರೆ, ಮುಂದಾಳುತನ ಬೇರೆ

ಇದರಿಂದ ನಾವು ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ. ಇಂಥ ಮಾರಾಟದ ತಂಡದಲ್ಲಿ ಯಾರೂ ಯಾರಿಗೂ ಸಂಬಳ ಕೊಡುವುದಿಲ್ಲ. ಯಾರನ್ನೂ ಕೆಲಸದಿಂದ ತೆಗೆಯಲಾಗುವುದಿಲ್ಲ. ಹುಕುಂ ನಡೆಯುವುದಿಲ್ಲ. ಬೇಡವೆನಿಸಿದ ದಿನ ಮನುಷ್ಯ ಬರುವುದನ್ನು ನಿಲ್ಲಿಸುತ್ತಾನೆ, ಅಷ್ಟೇ. ಅಂಥ ಕಡೆ ಪಿನ್ನು ಚುಚ್ಚಿಕೊಂಡ ಮಾತ್ರಕ್ಕೆ ಮುಂದಾಳು ಆಗುವುದಿಲ್ಲ. ನಂಬಿಕೆಯೊಂದೇ ಅಲ್ಲಿಯ ಅಧಿಕಾರ. "ಆಳಾಗಬಲ್ಲವನು ಅರಸಾಗಬಲ್ಲ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನೆ ಮನೆ ಮಾರಾಟದ ಚರಿತ್ರೆಯಲ್ಲೂ ಇದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದಲ್ಲಿ ಟಪ್ಪರ್‌ವೇರ್ ಎಂಬ ಪ್ಲಾಸ್ಟಿಕ್ ಡಬ್ಬಿಗಳು ಅಂಗಡಿಯಲ್ಲಿ ಅಷ್ಟಾಗಿ ಹೋಗುತ್ತಿರಲಿಲ್ಲ, ಮುಚ್ಚಳ ಹಾಕುವ ಬಗೆಯೇ ಜನಕ್ಕೆ ತಿಳಿಯುತ್ತಿರಲಿಲ್ಲ. ಬ್ರೌನಿ ವೈಸ್ ಎಂಬ ಹೆಣ್ಣುಮಗಳು, ಗಂಡನಿಂದ ಬೇರೆಯಾಗಿ ಮಗನನ್ನು ಸಾಕುತ್ತಿದ್ದವರು, ನೆರೆಯ ಹೆಂಗಸರನ್ನು ಮನೆಯಲ್ಲಿ ಕೂಡಿಸಿ, ಮುಚ್ಚಳ ಹಾಕಿ ತೋರಿಸಿ ಮಾರತೊಡಗಿದರು. ಆಗ ಅವರಿಗೆ ಕಂಪನಿಯಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಅವರ ಮಾರಾಟ ನೋಡಿ 1951ರಲ್ಲಿ ಕಂಪನಿ ಅಂಗಡಿ ಮಾರಾಟವನ್ನೇ ಬಿಟ್ಟು ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಿತು. 1958ರಲ್ಲಿ ಅದೇ ಕಂಪನಿ ಅವರನ್ನು ಹೊರಗೆ ಹಾಕಿತು. ಹುದ್ದೆ ಕೊಟ್ಟವರು ಹುದ್ದೆ ಕಿತ್ತುಕೊಂಡರು. ಆದರೆ ಹುದ್ದೆ ಇಲ್ಲದಾಗ ಅವರು ತೋರಿಸಿಕೊಟ್ಟ ದಾರಿಯಲ್ಲೇ ಕಂಪನಿ ಆಮೇಲೂ ನಡೆಯಿತು.

ಸಹಕಾರದ ಚರಿತ್ರೆಯೂ ಅಷ್ಟೇ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ ಅಂಗಡಿ ತೆರೆದ 28 ಜನರಲ್ಲಿ ನೇಕಾರರೂ ಕೈಕಸುಬಿನವರೂ ಇದ್ದರು, ಸಾಹುಕಾರರು ಇರಲಿಲ್ಲ. ಶುದ್ಧ ಮಾಲು, ಸರಿಯಾದ ತೂಕ, ಒಬ್ಬರಿಗೆ ಒಂದೇ ಮತ ಎಂಬುದು ಅವರ ಕಟ್ಟುಪಾಡು. ನಮ್ಮ ನಾಡಿನಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಾಲದ ಸಂಘ ಕಟ್ಟಿದರು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಹದಿನೈದು ದಿನ ವ್ಯಾಪಾರಿಗೆ ಹಾಲು ಹಾಕದೆ ನಿಂತದ್ದರಿಂದ ಅಮುಲ್ ಹುಟ್ಟಿತು. ತ್ರಿಭುವನದಾಸ್ ಪಟೇಲರು ಮುಂದೆ ನಿಂತರು, ನಿಜ. ಆದರೆ ಕರೆದ ಹಾಲನ್ನು ವ್ಯಾಪಾರಿಗೆ ಮಾರದೆ, ಹದಿನೈದು ದಿನದ ಸಂಪಾದನೆ ಬಿಟ್ಟು, ನೆರೆಯವನಿಗೂ ಧೈರ್ಯ ಹೇಳಿದ ಮನೆಯೊಡತಿಯರಿಗೆ ಯಾವ ಪದವಿ ಇತ್ತು?

ಬೆಳೆಸುವುದು ಹೇಗೆ

ಹೀಗೆ ಕುರ್ಚಿ ಇಲ್ಲದ ಮುಂದಾಳುಗಳನ್ನು ಬೆಳೆಸುವುದಕ್ಕೆ ನಮಗೆ ತೋಚಿದ ಕೆಲವು ಮಾತು:

ಒಂದು, ಲೆಕ್ಕ ಬರೆಯುವವರನ್ನು ಗೌರವಿಸಿ. ಅಡಾವೆ ಪತ್ರಿಕೆ ಓದುವಾಗ ಪ್ರಶ್ನೆ ಕೇಳಿದ ಸದಸ್ಯನನ್ನು "ಕಡ್ಡಿ ಆಡಿಸ್ತಾನೆ" ಎನ್ನಬೇಡಿ.

ಎರಡು, ಮಾತು ಹೇಳುವ ಮೊದಲು ಕೈಯಲ್ಲಿ ಮಾಡಿ ತೋರಿಸಿ. ಕೆಚ್ಚಲು ತೊಳೆದು ಹಾಲು ಕರೆಯಿರಿ ಎಂದು ಫಲಕ ಬರೆಸುವುದಕ್ಕಿಂತ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಒಂದು ಬೆಳಗ್ಗೆ ಕೂತು ಕರೆದು ತೋರಿಸುವುದು ಮೇಲು.

ಮೂರು, ಹೊಸಬರ ಜೊತೆ ನಾಲ್ಕು ಹೆಜ್ಜೆ ನಡೆಯಿರಿ, ಐದನೆಯ ಹೆಜ್ಜೆಗೆ ಕೈ ಬಿಡಿ. ನಾವಿಲ್ಲದಿದ್ದರೂ ಕೆಲಸ ನಡೆಯಬೇಕು. ನಾವಿದ್ದರೇ ನಡೆಯುವ ಕೆಲಸ ಮುಂದಾಳುತನದ ಗುರುತಲ್ಲ.

ನಾಲ್ಕು, ನಮಗೆ ನಷ್ಟವಾದರೂ ಎದುರಿನವರಿಗೆ "ಬೇಡ" ಎಂದು ಹೇಳುವ ಎದೆ ಬೆಳೆಸಿಕೊಳ್ಳಿ. ಇದು ಎಲ್ಲಕ್ಕಿಂತ ಕಷ್ಟ. ಹಾರ ಹಾಕಿಸಿಕೊಂಡ ಕುತ್ತಿಗೆಯಿಂದ ಈ ಮಾತು ಹೊರಡುವುದೇ ಇಲ್ಲ ಎಂಬುದಕ್ಕೆ ನಾವೇ ಸಾಕ್ಷಿ.

ಐದು, ಬಾಗಿಲ ಹತ್ತಿರ ಕೂತವರಿಗೂ ಮಾತಿಗೆ ಅವಕಾಶ ಕೊಡಿ. ವಾರ್ಷಿಕ ಮಹಾಸಭೆಯಲ್ಲಿ ಹೆಣ್ಣುಮಕ್ಕಳು ರುಜು ಹಾಕಿ ಎದ್ದು ಹೋಗುವ ಪದ್ಧತಿ ನಿಲ್ಲಬೇಕು.

ಈಗಲೂ ಇಂಥ ಕಂಪನಿಯವರು ಊರಿಗೆ ಬರುತ್ತಾರೆ. ಎಲ್ಲವೂ ಮೋಸವಲ್ಲ, ಮನೆ ಮಾರಾಟಕ್ಕೆ ಕಾನೂನಿನಲ್ಲಿ ಜಾಗವಿದೆ. ಆದರೆ ಕೆಲವು ವಿಷಯ ಗೊತ್ತಿರಲಿ. ಸರಕಿಲ್ಲದೆ ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಹಣದ ಚಲಾವಣೆ ಯೋಜನೆಗಳನ್ನು 1978ರ ಕಾಯಿದೆ ನಿಷೇಧಿಸಿದೆ. ನಡೆಸಿದವನಷ್ಟೇ ಅಲ್ಲ, ಸೇರಿದವನೂ ತಪ್ಪಿತಸ್ಥನೇ. ನೇರ ಮಾರಾಟಕ್ಕೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಮಾರುವವನು ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಬರುವಂತಿಲ್ಲ. ಪುಸ್ತಕ, ಪ್ರದರ್ಶನದ ಸಾಮಾನು ಕೊಳ್ಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಅನುಮಾನ ಬಂದರೆ 1915 ನಂಬರಿಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಅದಕ್ಕೂ ಮೊದಲು ಒಂದು ನೋಟ್‌ಬುಕ್ಕು ತೆಗೆದುಕೊಂಡು ಐದು ಮನೆ ಗೆರೆ ಎಳೆಯಿರಿ.

ಕಡೆಯದಾಗಿ ಒಂದು ಮಾತು. ಹನ್ನೆರಡು ವರ್ಷದ ಹಿಂದೆ ಹತ್ತಾರು ಜನರ ಎದುರು "ನಿನ್ನ ಪಿನ್ ಯಾವುದು" ಎಂದು ಕೇಳಿದವರು ನಾವು. ಅಲ್ಲಿ ಮಾಡಿದ ಅವಮಾನಕ್ಕೆ ಇಲ್ಲಿ, ಇಡೀ ಊರಿನ ಎದುರು ತಪ್ಪಾಯಿತು ಎನ್ನುವುದೇ ಸರಿ. ಅವರು ಈಗಲೂ ಬಾಗಿಲ ಹತ್ತಿರವೇ ಕೂತಿದ್ದಾರೆ, ಕಾಫಿ ಲೋಟ ಎಣಿಸುತ್ತಾ. ತಂಗೀ, ನಮ್ಮ ಒಂಬತ್ತು ಜನರದೂ ತಪ್ಪಾಯಿತು. ಕ್ಷಮಿಸು ಎನ್ನುವುದಕ್ಕಿಂತ ಹೆಚ್ಚಾಗಿ, ಮುಂದಿನ ಸಲ ನೀನು ಪುಸ್ತಕ ಹಿಡಿದು ಎದ್ದು ನಿಂತರೆ ನಾವು ಕೂತು ಕೇಳುತ್ತೇವೆ ಎಂದು ಮಾತು ಕೊಡುತ್ತೇವೆ.

ಸಂಘ ಇನ್ನೂ ಇಪ್ಪತ್ತೈದು ವರ್ಷ ನಡೆದು ಚಿನ್ನದ ಹಬ್ಬ ಕಾಣಲಿ. ಕುರ್ಚಿ ಮೇಲೆ ಯಾರೇ ಇರಲಿ, ಕುರ್ಚಿ ಇಲ್ಲದೆ ದುಡಿಯುವವರು ಮನೆಗೊಬ್ಬರಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.